ವಾದ್ಯಮೇಳದ ಯಜಮಾನ ಜೇಮ್ಸ್ ರೀಸ್ ಯುರೋಪ್

ಮುಸುರೆ ಪಾತ್ರೆ ತೊಳೆಯಲೆಂದು ಹೊಟೇಲಿಗೆ ಸೇರಿದವನನ್ನು, ಸಂಜೆಯಾದೊಡನೆ ಕೈ ಒರಸಿಕೊಂಡು ಬಂದು ಗಿರಾಕಿಗಳೆದುರು ಪಿಟೀಲು ನುಡಿಸೆಂದರೆ ಹೇಗಿದ್ದೀತು? ನುಡಿಸಿದ್ದಕ್ಕೆ ಬೇರೆ ಸಂಬಳವಿಲ್ಲ. ಗಿರಾಕಿಗಳು ಮನಸ್ಸು ಬಂದಾಗ ಎಸೆದ ಚಿಲ್ಲರೆಯೇ ಸಂಭಾವನೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ನ್ಯೂಯಾರ್ಕಿನ ಹೊಟೇಲುಗಳಲ್ಲಿ ಕಪ್ಪು ಜನಾಂಗದ ಅನೇಕ ವಾದ್ಯಗಾರರ ಸ್ಥಿತಿ ಇದೇ ಆಗಿತ್ತು. ಲೆಕ್ಕದ ಪುಸ್ತಕದಲ್ಲಿ ಅವರು ಮಾಣಿಗಳು, ಅಡಿಗೆಮನೆಯ ಆಳುಗಳು. ಸಂಗೀತವೆಂಬುದು ಮೇಲಿನ ಬಿಟ್ಟಿ ಚಾಕರಿ. ಗಲ್ಲಾದ ಹಿಂದೆ ಅನೇಕ ವರ್ಷ ಕುಳಿತ ನಮಗೆ, ಒಬ್ಬನಿಗೆ ಒಂದು ಸಂಬಳ ಕೊಟ್ಟು ಇಬ್ಬರ ಕೆಲಸ ತೆಗೆಯುವ ಈ ವಿದ್ಯೆ ಅಪರಿಚಿತವೇನಲ್ಲ. ಈ ಪದ್ಧತಿಯನ್ನು ತನ್ನ ಆಯುಷ್ಯದ ಕೆಲವೇ ವರ್ಷಗಳಲ್ಲಿ ಬಹುಮಟ್ಟಿಗೆ ಮುರಿದ ಪುರುಷನೊಬ್ಬನ ಚರಿತ್ರೆಯನ್ನು ಇಂದು ವಾಚಕರ ಮುಂದಿಡುತ್ತಿದ್ದೇವೆ.

ಅವರ ಹೆಸರು ಜೇಮ್ಸ್ ರೀಸ್ ಯುರೋಪ್. ನಮ್ಮವರು ಊರಿನ ಹೆಸರನ್ನು ಮನೆತನದ ಹೆಸರಾಗಿ ಇಟ್ಟುಕೊಳ್ಳುವುದುಂಟು. ಇವರ ಪಾಲಿಗೆ ಒಂದು ಖಂಡದ ಹೆಸರೇ ಬಂದಿತ್ತು! 1880ನೆಯ ಇಸವಿ ಫೆಬ್ರವರಿ 22ರಂದು ಅಮೆರಿಕದ ದಕ್ಷಿಣ ಭಾಗದ ಅಲಬಾಮ ಸಂಸ್ಥಾನದ ಮೊಬೀಲ್ ಎಂಬ ರೇವು ಪಟ್ಟಣದಲ್ಲಿ ಅವರು ಹುಟ್ಟಿದರು. ತಂದೆ ಹೆನ್ರಿ ಯುರೋಪ್ ಗುಲಾಮಗಿರಿಯಲ್ಲೇ ಜನ್ಮ ತಳೆದವರು. ಗುಲಾಮಗಿರಿ ತೊಲಗಿದ ಮೇಲೆ ಓದುಬರಹ ಕಲಿತು ಸರಕಾರಿ ನೌಕರಿ ಹಿಡಿದವರು. ಜೇಮ್ಸರು ಇನ್ನೂ ಬಾಲಕರಾಗಿರುವಾಗಲೇ ತಂದೆಗೆ ಅಂಚೆ ಇಲಾಖೆಯಲ್ಲಿ ಕೆಲಸವಾಗಿ ಸಂಸಾರವು ರಾಜಧಾನಿ ವಾಷಿಂಗ್ಟನ್ನಿಗೆ ಬಂತು. ಮನೆಯಲ್ಲಿ ತಾಯಿಯಿಂದ ಮೊದಲ್ಗೊಂಡು ಎಲ್ಲರಿಗೂ ಸಂಗೀತದ ಗೀಳು. ಅಕ್ಕಪಕ್ಕದಲ್ಲಿಯೇ ಸರಕಾರದ ಮೆರೀನ್ ಬ್ಯಾಂಡಿನ ಪ್ರಖ್ಯಾತ ನಾಯಕ ಜಾನ್ ಫಿಲಿಪ್ ಸೂಸಾ ಅವರ ವಾಸ. ಆ ಬ್ಯಾಂಡಿನ ಉಪನಾಯಕರಾಗಿದ್ದ ಎನ್ರಿಕೊ ಹರ್ಲಿ ಎಂಬವರಿಂದ ಬಾಲಕ ಜೇಮ್ಸನಿಗೆ ಪಿಟೀಲು ಪಾಠ ಆರಂಭವಾಯಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ಸಂಗೀತ ರಚನೆಯ ಸ್ಪರ್ಧೆಯೊಂದರಲ್ಲಿ ಅವನಿಗೆ ಎರಡನೆಯ ಸ್ಥಾನ ದೊರಕಿತು. ಮೊದಲನೆಯದು ಹೊರಗೆ ಹೋಗಲಿಲ್ಲ, ಸ್ವಂತ ತಂಗಿ ಮೇರಿಯ ಪಾಲಾಯಿತು.

1899ರಲ್ಲಿ ತಂದೆ ತೀರಿಕೊಂಡರು. ಮನೆಯ ಭಾರ ಹೊತ್ತ ಯುವಕ, ನಾಲ್ಕಾರು ವರ್ಷಗಳ ತರುವಾಯ ಪಿಟೀಲಿನ ಪೆಟ್ಟಿಗೆಯೊಂದಿಗೆ ನ್ಯೂಯಾರ್ಕಿಗೆ ಬಂದಿಳಿದರು. ಊರು ಬಿಟ್ಟು ಮಹಾನಗರಕ್ಕೆ ಬಂದವನ ಮೊದಲ ಪಾಠವೇನೆಂಬುದು ನಮ್ಮ ವಾಚಕರಿಗೆ ಹೇಳಿಕೊಡಬೇಕಾದುದಲ್ಲ: ತಾನು ಕಲಿತು ತಂದ ವಿದ್ಯೆ ಒಂದು, ಪೇಟೆ ಕೇಳುವ ವಿದ್ಯೆ ಇನ್ನೊಂದು. ಕಪ್ಪು ಮನುಷ್ಯನ ಕೈಯಲ್ಲಿ ಪಿಟೀಲನ್ನು ಕೇಳಲು ಅಲ್ಲಿ ಯಾರೂ ಸಿದ್ಧರಿರಲಿಲ್ಲ. ಜೇಮ್ಸರು ಹಟ ಹಿಡಿಯದೆ ಪಿಟೀಲನ್ನು ಬದಿಗಿಟ್ಟು ಮ್ಯಾಂಡೊಲಿನ್ ಎತ್ತಿಕೊಂಡರು, ಪಿಯಾನೋ ಮುಂದೆ ಕುಳಿತರು. ಬಲು ಬೇಗ ಕಪ್ಪು ಜನರ ನಾಟಕ ಕಂಪೆನಿಗಳಲ್ಲಿ ಸಂಗೀತ ನಿರ್ದೇಶಕರಾದರು. ಕೋಲ್ ಮತ್ತು ಜಾನ್ಸನ್ ಸಹೋದರರ ಶೂ ಫ್ಲೈ ರೆಜಿಮೆಂಟ್, ರೆಡ್ ಮೂನ್ ಮೊದಲಾದ ಸಂಗೀತ ನಾಟಕಗಳೊಡನೆ ಊರೂರು ತಿರುಗಿದರು. ನಾಟಕದ ಕೆಲಸವೆಂದರೆ ನಮ್ಮ ಯಕ್ಷಗಾನ ಮೇಳದ ತಿರುಗಾಟದಂತೆಯೇ. ತಿರುಗಾಟ ನಿಂತರೆ ಹೊಟ್ಟೆಗಿಲ್ಲ. 1909ರ ಹೊತ್ತಿಗೆ ಇಂತಹ ದೊಡ್ಡ ಕಂಪೆನಿಗಳ ಭಾಗ್ಯವು ಇಳಿಮುಖವಾಗಿತ್ತು.

ಆಗ ನ್ಯೂಯಾರ್ಕಿನ ಪಶ್ಚಿಮ 53ನೆಯ ಬೀದಿಯಲ್ಲಿ ಮಾರ್ಷಲ್ ಹೊಟೇಲ್ ಎಂಬುದೊಂದಿತ್ತು. ಕಪ್ಪು ಕಲಾವಿದರೆಲ್ಲರ ತಂಗುದಾಣ ಅದು. ಶ್ರೀಮಂತರ ಮನೆಗಳಲ್ಲಿ ಔತಣವಿದ್ದರೆ ಸಂಗೀತಗಾರರನ್ನು ಹುಡುಕಲು ಜನ ಅಲ್ಲಿಗೇ ಬರುತ್ತಿದ್ದರು. ಬಂದವನು ಕಡಿಮೆ ಕೇಳಿದವನನ್ನು ಕರೆದೊಯ್ಯುತ್ತಿದ್ದನು. ಕೆಲಸವಿಲ್ಲದೆ ಕಾದು ಕುಳಿತವರು ಒಬ್ಬರ ಮೇಲೊಬ್ಬರು ಬಿದ್ದು ದರ ಇಳಿಸುತ್ತಿದ್ದರು. ಬಿಳಿಯ ಸಂಗೀತಗಾರರಿಗೆ ಸಂಘವಿತ್ತು, ನಿಗದಿಯಾದ ದರವಿತ್ತು. ಇವರಿಗೆ ಏನೂ ಇರಲಿಲ್ಲ. 1910ರ ಏಪ್ರಿಲ್ 11ರಂದು ಇವರೆಲ್ಲ ಸೇರಿ ಕ್ಲೆಫ್ ಕ್ಲಬ್ ಎಂಬ ಸಂಘವನ್ನು ಕಟ್ಟಿಕೊಂಡರು. ಜೇಮ್ಸರು ಪ್ರಥಮ ಅಧ್ಯಕ್ಷರಾಗಿ ಆರಿಸಲ್ಪಟ್ಟರು. ಮಾರ್ಷಲ್ ಹೊಟೇಲಿಗೆ ಎದುರಾಗಿಯೇ ಸಂಘದ ಕಚೇರಿ ತೆರೆಯಿತು.

ಈ ಸಂಘದ ಕಾರ್ಯಕ್ರಮವನ್ನು ಸ್ವಲ್ಪ ವಿವರವಾಗಿ ತಿಳಿಸುವುದು ಅವಶ್ಯ. ಯಾರಿಗಾದರೂ ವಾದ್ಯಗಾರರು ಬೇಕಿದ್ದರೆ ಕಚೇರಿಗೆ ದೂರವಾಣಿ ಮಾಡಬೇಕು. ಇಬ್ಬರು ಬೇಕೇ, ಇಪ್ಪತ್ತು ಮಂದಿ ಬೇಕೇ, ಕಚೇರಿಯೇ ಗೊತ್ತುಮಾಡಿ ಕಳುಹಿಸುವುದು. ದರವನ್ನು ಸಂಘವು ನಿರ್ಧರಿಸಿರುವುದು. ಹೋಗಿಬರುವ ಖರ್ಚು, ದೂರದೂರಾದರೆ ಊಟ ವಸತಿ, ಇವೆಲ್ಲ ಕರೆಸಿದವರದೇ. ಸಂಗೀತಕ್ಕೆ ಬಂದವನು ಸಂಗೀತವನ್ನೇ ಮಾಡುವನು, ತಟ್ಟೆ ಎತ್ತುವುದಿಲ್ಲ, ನೆಲ ಒರಸುವುದಿಲ್ಲ. ಇದಕ್ಕೆ ಪ್ರತಿಯಾಗಿ ಸದಸ್ಯರಿಗೂ ಕಟ್ಟುಪಾಡುಗಳಿದ್ದವು: ವೇಳೆಗೆ ಸರಿಯಾಗಿ ಹೋಗಬೇಕು, ನಿಯಮಿತ ಕಪ್ಪು ಉಡುಪನ್ನೇ ಧರಿಸಬೇಕು, ಸಭ್ಯತೆ ಮೀರಬಾರದು. ಎತ್ತರದ ನಿಲುವಿನ, ದಪ್ಪ ಕನ್ನಡಕದ ಜೇಮ್ಸರ ಕಣ್ಣು ತಪ್ಪಿಸುವುದು ಸುಲಭವಿರಲಿಲ್ಲ. ದರ ಏರಿಸಿದರೆ ಕರೆಯುವವರು ಇರಲಾರರೆಂದು ಹೆದರಿದವರೂ ಇದ್ದರು. ಆದದ್ದು ಬೇರೆ. ಕೆಲಸವು ಕ್ರಮವಾಗಿ ಸಿಕ್ಕುವುದೆಂಬ ನಂಬಿಕೆ ಬಂದೊಡನೆ ನ್ಯೂಯಾರ್ಕಿನ ದೊಡ್ಡ ದೊಡ್ಡ ಮನೆತನಗಳೆಲ್ಲ ಅಲ್ಲಿಗೇ ಹೇಳಿಕಳುಹಿಸತೊಡಗಿದವು.

ಇಲ್ಲೊಂದು ವಿಚಿತ್ರವನ್ನು ಹೇಳಬೇಕು. ಜೇಮ್ಸರ ಜತೆಗಾರರಾಗಿದ್ದು ಬಹುಕಾಲ ಬಾಳಿದ ಯೂಬಿ ಬ್ಲೇಕ್ ಎಂಬ ಪಿಯಾನೋ ವಾದಕರು ಮುಂದೆ ಇದನ್ನು ಹೇಳಿಕೊಂಡಿದ್ದಾರೆ. ಕಪ್ಪು ಜನರು ಸ್ವರಲಿಪಿಯನ್ನು ಓದಲಾರರು, ಅವರ ಸಂಗೀತ ಹುಟ್ಟಿನಿಂದ ಬಂದದ್ದು ಎಂದು ಬಿಳಿಯ ಧನಿಕರು ನಂಬಿದ್ದರು. ಆ ನಂಬಿಕೆಯೇ ಅವರಿಗೆ ಇಷ್ಟವೂ ಆಗಿತ್ತು. ಇವರೋ ಹೊಸ ಹೊಸ ನಾಟಕಗಳ ಹಾಡುಗಳನ್ನು ಕಾಗದದ ಮೇಲೆ ಓದಿ, ಕಂಠಸ್ಥ ಮಾಡಿಕೊಂಡು ಹೋಗಿ, ಕಾಗದವಿಲ್ಲದೆ ನುಡಿಸುತ್ತಿದ್ದರು. ಕೇಳಿದವರು ಬೆರಗಾಗುತ್ತಿದ್ದರು. ಕಲಿತದ್ದನ್ನು ಕಲಿಯದವರಂತೆ ತೋರಿಸಿಕೊಂಡರೇ ಹೊಟ್ಟೆ ತುಂಬುವ ಕಾಲ ಅದು.

1912ರ ಮೇ 2ರಂದು ಜೇಮ್ಸರು ನಡೆಸಿದ ಕಾರ್ಯವು ಚರಿತ್ರೆಯಲ್ಲಿ ಉಳಿಯುವಂತಹುದು. ನ್ಯೂಯಾರ್ಕಿನ ಕಾರ್ನೆಗೀ ಹಾಲ್ ಎಂಬ ಸಂಗೀತ ಮಂದಿರವು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಗರ್ಭಗುಡಿಯೆಂದರೆ ಸಲ್ಲುತ್ತದೆ. ಅಲ್ಲಿ ಕ್ಲೆಫ್ ಕ್ಲಬ್ಬಿನ ನೂರಕ್ಕೂ ಮಿಕ್ಕಿದ ವಾದ್ಯಗಾರರು ಕಪ್ಪು ಮಕ್ಕಳ ಸಂಗೀತ ಶಾಲೆಯೊಂದರ ಸಹಾಯಾರ್ಥವಾಗಿ ಕಚೇರಿ ನಡೆಸಿದರು. ವೇದಿಕೆಯ ಮೇಲೆ ಸಾಲು ಸಾಲಾಗಿ ಪಿಯಾನೋಗಳು. ಮುಂದೆ ಮ್ಯಾಂಡೊಲಿನ್, ಬ್ಯಾಂಜೊ, ಗಿಟಾರುಗಳ ದಂಡು. ಅನೇಕರು ಹಗಲು ಬೇರೆ ಬೇರೆ ಕಡೆ ದುಡಿದು ಸಂಜೆ ಅಭ್ಯಾಸಕ್ಕೆ ಬರುತ್ತಿದ್ದವರು. ಮಂದಿರ ತುಂಬಿತು. ಬಿಳಿಯರೂ ಕರಿಯರೂ ಅಕ್ಕಪಕ್ಕದ ಪೀಠಗಳಲ್ಲಿ ಕುಳಿತು ಕೇಳಿದರು. ಬಿಳಿಯರ ವಾದ್ಯವೃಂದಗಳನ್ನು ಅನುಕರಿಸದೆ ಇಷ್ಟೊಂದು ಮ್ಯಾಂಡೊಲಿನ್ನುಗಳೇಕೆ ಎಂದು ಕೆಲವು ಪಂಡಿತರು ಆಕ್ಷೇಪಿಸಿದರು. ತನ್ನ ಜನರಿಗೆ ಅವರದೇ ಆದ ಧ್ವನಿಯಿದೆ, ಅನ್ಯರ ಪ್ರತಿಬಿಂಬವಾಗುವುದರಿಂದ ಅವರಿಗೆ ಲಾಭವಿಲ್ಲ ಎಂಬುದು ಜೇಮ್ಸರ ಉತ್ತರವಾಗಿತ್ತು. ಈ ಮಾತಿನಲ್ಲಿ ನಾವು ಪೂರ್ಣವಾಗಿ ಜೇಮ್ಸರ ಪಕ್ಷದವರು.

ಮುಂದಿನ ವರ್ಷ ಅವರಿಗೆ ವರ್ನನ್ ಕ್ಯಾಸಲ್ ಮತ್ತು ಐರೀನ್ ಕ್ಯಾಸಲ್ ಎಂಬ ಬಿಳಿಯ ನರ್ತಕ ದಂಪತಿಗಳ ಪರಿಚಯವಾಯಿತು. ಜೋಡಿಯಾಗಿ ಕುಣಿಯುವ ಹುಚ್ಚು ಆಗ ಅಮೆರಿಕವನ್ನೆಲ್ಲ ವ್ಯಾಪಿಸಿತ್ತು. ಆ ಹುಚ್ಚಿನ ಗುರುಪೀಠವೇ ಈ ದಂಪತಿಗಳು. ಜೇಮ್ಸರ ತಾಳವನ್ನು ಕೇಳಿದ ಮೇಲೆ ಬೇರೆಯವರ ಸಂಗೀತಕ್ಕೆ ಅವರ ಕಾಲು ಏಳಲಿಲ್ಲ. 1914ರಲ್ಲಿ ವಿಶೇಷ ರೈಲುಬಂಡಿ ಹೂಡಿ ಒಂದು ತಿಂಗಳೊಳಗೆ ಮೂವತ್ತಕ್ಕೂ ಹೆಚ್ಚು ಊರುಗಳಲ್ಲಿ ಪ್ರದರ್ಶನ ಕೊಟ್ಟರು. ನಾಟಕಶಾಲೆಯೊಂದರಲ್ಲಿ, ವಾದ್ಯಗಾರರಿಗೆಂದು ಇರುವ ತಗ್ಗಿನ ಸ್ಥಳದಲ್ಲಿ ಕರಿಯರು ಕುಳಿತುಕೊಳ್ಳಬಾರದೆಂದು ಬಿಳಿಯ ವಾದ್ಯಗಾರರು ತಡೆದರು. ಸರಿ, ಮೇಳವನ್ನು ವೇದಿಕೆಯ ಮೇಲೆಯೇ ಕುಳ್ಳಿರಿಸಲಾಯಿತು! ತಗ್ಗಿನಿಂದ ಹೊರಹಾಕಿದವರು ಎಲ್ಲರ ಕಣ್ಣಿಗೂ ಬೀಳುವಂತಾದರು.

ಫಾಕ್ಸ್‌ಟ್ರಾಟ್ ಎಂಬ ನೃತ್ಯದ ಉಗಮವೂ ಇಲ್ಲಿಯದೇ ಎನ್ನುತ್ತಾರೆ. ವೇಗದ ಕುಣಿತಗಳ ನಡುವೆ ದಂಪತಿಗಳು ದಣಿವಾರಿಸಿಕೊಳ್ಳುವಾಗ, ಡಬ್ಲ್ಯು. ಸಿ. ಹ್ಯಾಂಡಿಯವರು 1912ರಲ್ಲಿ ಪ್ರಕಟಿಸಿದ್ದ ಮೆಂಫಿಸ್ ಬ್ಲೂಸ್ ಎಂಬ ರಚನೆಯನ್ನು ಜೇಮ್ಸರು ವಿಳಂಬ ಕಾಲದಲ್ಲಿ ನುಡಿಸುತ್ತಿದ್ದರಂತೆ. ಆ ನಿಧಾನ ಗತಿಗೆ ತಕ್ಕ ಹೆಜ್ಜೆಯೊಂದನ್ನು ಕೂಡಿಸಬಾರದೇಕೆ ಎಂಬ ಯೋಚನೆಯಿಂದ ಹುಟ್ಟಿದ ನೃತ್ಯವು ಸಾಗರಗಳನ್ನು ದಾಟಿ ಲೋಕವನ್ನೆಲ್ಲ ಸುತ್ತಿತು. ಇದರ ಪಿತೃತ್ವಕ್ಕೆ ಬೇರೆ ಹಕ್ಕುದಾರರೂ ಇದ್ದಾರೆಂಬುದು ನಿಜ. ಹ್ಯಾಂಡಿಯವರು ಮಾತ್ರ ತಮ್ಮ ಆತ್ಮಕಥೆಯಲ್ಲಿ ಕೀರ್ತಿಯನ್ನು ಜೇಮ್ಸರಿಗೇ ಕೊಟ್ಟಿದ್ದಾರೆ.

1913ರ ಡಿಸೆಂಬರಿನಲ್ಲಿ ವಿಕ್ಟರ್ ಗ್ರಾಮಫೋನ್ ಕಂಪೆನಿಯವರು ಜೇಮ್ಸರ ಸೊಸೈಟಿ ಆರ್ಕೆಸ್ಟ್ರಾದೊಡನೆ ಒಪ್ಪಂದ ಮಾಡಿಕೊಂಡರು. ದೊಡ್ಡ ಕಂಪೆನಿಯೊಂದು ಕಪ್ಪು ಜನರ ವಾದ್ಯವೃಂದದೊಡನೆ ಮಾಡಿಕೊಂಡ ಮೊದಲ ಒಪ್ಪಂದವಿದು. ಡೌನ್ ಹೋಮ್ ರ‍್ಯಾಗ್ ಎಂಬುದನ್ನು ಇಂದಿಗೂ ಕೇಳಬಹುದು. ಬ್ಯಾಂಜೊಗಳು ಮಳೆಯಂತೆ ಸುರಿಯುತ್ತವೆ; ವಾದ್ಯಗಾರರು ಹುಮ್ಮಸ್ಸು ತಡೆಯಲಾರದೆ ನಡುನಡುವೆ ಕೂಗುತ್ತಾರೆ. ಕ್ಯಾಸಲ್ ಹೌಸ್ ರ‍್ಯಾಗಿನ ಕೊನೆಯಲ್ಲಿ ಬಡ್ಡಿ ಗಿಲ್ಮೋರ್ ಎಂಬವರ ಡ್ರಮ್ಮಿನ ಪೆಟ್ಟುಗಳನ್ನು ಕೇಳಿದರೆ, ಚಂಡೆಯ ಪೆಟ್ಟಿಗೆ ಹೊಂದಿಕೊಂಡ ನಮ್ಮ ಕಿವಿಯೂ ನೆಟ್ಟಗಾಗುತ್ತದೆ. ಜಾಝ್ ಎಂಬ ಹೆಸರು ಇನ್ನೂ ಪ್ರಚಾರಕ್ಕೆ ಬಂದಿರಲಿಲ್ಲ. ಹೆಸರು ಬರುವುದಕ್ಕೆ ಮುಂಚೆಯೇ ವಸ್ತು ಬಂದುಬಿಟ್ಟಿತ್ತು.

ಈ ಮಧ್ಯೆ 1913ರ ಕೊನೆಗೆ ಕ್ಲೆಫ್ ಕ್ಲಬ್ಬಿನಲ್ಲಿ ಭಿನ್ನಾಭಿಪ್ರಾಯವುಂಟಾಗಿ ಜೇಮ್ಸರು ರಾಜೀನಾಮೆಯಿತ್ತು ಟೆಂಪೊ ಕ್ಲಬ್ ಎಂಬ ಬೇರೆ ಸಂಘವನ್ನು ಸ್ಥಾಪಿಸಿದರು. ಸಂಘ ಕಟ್ಟಿದವನೇ ಸಂಘ ಬಿಡಬೇಕಾಗಿ ಬರುವುದು ಎಲ್ಲ ದೇಶಗಳಲ್ಲೂ ಇದ್ದದ್ದೇ.

ಮಹಾಯುದ್ಧ ಬಂತು. 1916ರಲ್ಲಿ ನ್ಯೂಯಾರ್ಕಿನ ಕಪ್ಪು ಜನರ 15ನೆಯ ಪದಾತಿ ರೆಜಿಮೆಂಟಿಗೆ ಜೇಮ್ಸರು ಸೈನಿಕರಾಗಿ ಸೇರಿದರು. ಬ್ಯಾಂಡಿಗಾಗಿ ಅಲ್ಲ, ತನ್ನ ಜನರಿಗೆ ಹಾರ್ಲೆಮ್ಮಿನಲ್ಲಿ ಇಂತಹದೊಂದು ಸಂಸ್ಥೆ ಅಗತ್ಯವೆಂದು. ಆದರೆ ಕರ್ನಲ್ ವಿಲಿಯಂ ಹೇವರ್ಡ್ ಎಂಬ ಬಿಳಿಯ ದಳಪತಿ ಅವರನ್ನು ಬಿಡಲಿಲ್ಲ, ಸೈನ್ಯದಲ್ಲೇ ಶ್ರೇಷ್ಠವಾದ ಬ್ಯಾಂಡು ಬೇಕೆಂದರು. ಒಳ್ಳೆಯ ವಾದ್ಯಗಾರರು ಸಿಪಾಯಿಯ ಸಂಬಳಕ್ಕೆ ಬರಲಾರರು, ಹಣ ಬೇಕು ಎಂದು ಜೇಮ್ಸರು ನಿರ್ದಾಕ್ಷಿಣ್ಯವಾಗಿ ತಿಳಿಸಿದರು. ಕರ್ನಲರು ತಗಡಿನ ಉದ್ಯಮದ ಧನಿಕ ಡೇನಿಯಲ್ ರೀಡರಿಂದ 10,000 ಡಾಲರುಗಳನ್ನು ತಂದರು. ಕ್ಲಾರಿಯೊನೆಟ್ ಮುಂತಾದವನ್ನು ಊದುವವರು ನ್ಯೂಯಾರ್ಕಿನಲ್ಲಿ ಸಾಕಷ್ಟು ದೊರೆಯದ್ದರಿಂದ ಜೇಮ್ಸರು 1917ರಲ್ಲಿ ಪೋರ್ಟೊ ರಿಕೊ ದ್ವೀಪಕ್ಕೆ ಹೋಗಿ ಅಲ್ಲಿಂದ ಜನ ತಂದರು. ತಾವು ಪರೀಕ್ಷೆಗೆ ಕುಳಿತು ಲೆಫ್ಟಿನೆಂಟ್ ಆದರು.

ಆ ವರ್ಷ ಅಕ್ಟೋಬರದಲ್ಲಿ ರೆಜಿಮೆಂಟನ್ನು ದಕ್ಷಿಣದ ಸ್ಪಾರ್ಟನ್‌ಬರ್ಗ್ ಎಂಬ ಊರಿಗೆ ತರಬೇತಿಗಾಗಿ ಕಳುಹಿಸಿದರು. ಆ ಊರಿನ ಮೇಯರರು ಮೊದಲೇ ವಿರೋಧ ಸೂಚಿಸಿದ್ದರು. ಬ್ಯಾಂಡಿನ ಗಾಯಕ ನೋಬಲ್ ಸಿಸ್ಸಲ್ ಒಂದು ದಿನ ವೃತ್ತಪತ್ರಿಕೆ ಕೊಳ್ಳಲು ಅಲ್ಲಿನ ಹೊಟೇಲಿನ ಪಡಸಾಲೆಯೊಳಗೆ ಹೆಜ್ಜೆಯಿಟ್ಟರು. ಹೊಟೇಲಿನ ಮಾಲಿಕನು ಅವರ ಟೋಪಿಯನ್ನು ಹೊಡೆದು ಬೀಳಿಸಿದನು. ಎತ್ತಿಕೊಳ್ಳಲು ಬಗ್ಗಿದಾಗ ಒದ್ದನು. ಸುದ್ದಿ ಹಬ್ಬಿ ಸಿಪಾಯಿಗಳು ಹೊಟೇಲನ್ನು ಪುಡಿಮಾಡಲು ನುಗ್ಗಿದರು. ಅವರಲ್ಲಿ ನ್ಯೂಯಾರ್ಕಿನ ಬಿಳಿಯ ಸಿಪಾಯಿಗಳೂ ಇದ್ದರು. ಒಂದು ಕ್ಷಣ ತಡವಾಗಿದ್ದರೆ ರಕ್ತಪಾತವಾಗುತ್ತಿತ್ತು. ಅಷ್ಟರಲ್ಲಿ ಒಳಗೆ ಬಂದ ಜೇಮ್ಸರು ಸೈನ್ಯದ ಆಜ್ಞೆ ಕೂಗಿ ಎಲ್ಲರನ್ನೂ ಸೆಟೆದು ನಿಲ್ಲಿಸಿದರು, ಕ್ರಮವಾಗಿ ಹೊರಗೆ ಕಳುಹಿಸಿದರು, ಮಾಲಿಕನನ್ನು ಶಾಂತವಾಗಿ ವಿಚಾರಿಸಿ ತಾವೂ ಹೊರಟರು. ಆ ಮಾಲಿಕನು ಮಾಡಿದ್ದನ್ನು ಓದಿದಾಗ, ಅದೇ ವೃತ್ತಿಯಲ್ಲಿದ್ದ ನಮಗೆ ನಾಚಿಕೆಯಾಯಿತು. ಬಾಗಿಲು ತೆರೆದು ಕುಳಿತವನಿಗೆ ಬಂದವನ ಜಾತಿ ಕೇಳುವ ಹಕ್ಕಿಲ್ಲವೆಂಬುದು ನಮ್ಮ ಊರಿನ ಹೊಟೇಲುಗಳಲ್ಲಿಯೂ ಬಹುಕಾಲ ಕಷ್ಟಪಟ್ಟೇ ಇತ್ಯರ್ಥವಾದ ವಿಷಯ.

ಹೆಚ್ಚು ದಿನ ಅಲ್ಲಿರಿಸುವುದು ಅಪಾಯವೆಂದು ಸರಕಾರ ರೆಜಿಮೆಂಟನ್ನು ಫ್ರಾನ್ಸಿಗೆ ಅಟ್ಟಿತು. 1918ರ ಜನವರಿ 1ರಂದು ಬ್ರೆಸ್ಟ್ ಬಂದರಿನಲ್ಲಿ ಇಳಿದೊಡನೆ ಬ್ಯಾಂಡು ಫ್ರೆಂಚರ ರಾಷ್ಟ್ರಗೀತೆಯನ್ನು ನುಡಿಸಿತು. ಗತಿ ಎಷ್ಟು ಬೇರೆಯಾಗಿತ್ತೆಂದರೆ, ಅದು ತಮ್ಮದೇ ಗೀತೆಯೆಂದು ಫ್ರೆಂಚರಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತಂತೆ. ಯುದ್ಧ ಮಾಡಲು ಬಂದವರಿಗೆ ಮೊದಲು ದೊರೆತದ್ದು ಕೂಲಿ ಕೆಲಸ, ರೈಲು ಹಳಿ ಹಾಸುವುದು. ಅಮೆರಿಕನ್ ಸೇನೆಯು ಅವರನ್ನು ತನ್ನ ಬಿಳಿಯ ದಳಗಳ ಪಕ್ಕದಲ್ಲಿ ನಿಲ್ಲಿಸಲೊಲ್ಲದೆ ಫ್ರೆಂಚ್ ಸೇನೆಗೆ ಒಪ್ಪಿಸಿತು. ಅಲ್ಲಿ ಅವರು 369ನೆಯ ರೆಜಿಮೆಂಟ್ ಆದರು. ಜೇಮ್ಸರು ಮೆಷಿನ್‌ಗನ್ ದಳದ ಅಧಿಕಾರಿಯಾಗಿ ಕಂದಕಗಳಲ್ಲಿ ಹೋರಾಡಿದರು. ಜೂನ್ ತಿಂಗಳಲ್ಲಿ ವಿಷದ ಗಾಳಿಗೆ ಸಿಕ್ಕಿ ಆಸ್ಪತ್ರೆ ಸೇರಿದರು. ಹಾಸಿಗೆಯ ಮೇಲೆಯೇ ಯುದ್ಧಭೂಮಿಯ ರಾತ್ರಿ ಗಸ್ತಿನ ಕುರಿತು ಹಾಡೊಂದನ್ನು ರಚಿಸಿದರು.

ಆಗಸ್ಟಿನಲ್ಲಿ ಪ್ಯಾರಿಸಿಗೆ ಕರೆ ಬಂತು. ಒಂದು ಕಚೇರಿಗೆಂದು ಹೋದ ಬ್ಯಾಂಡನ್ನು ಪ್ಯಾರಿಸ್ ಎಂಟು ವಾರ ಬಿಡಲಿಲ್ಲ. ಅಲ್ಲಿನ ಬ್ಯಾಂಡ್ ನಾಯಕರೊಬ್ಬರಿಗೆ ಈ ವಾದ್ಯಗಳಲ್ಲಿ ಏನೋ ವಿಶೇಷ ಯಂತ್ರವಿರಬೇಕೆಂಬ ಸಂಶಯ. ತರಿಸಿ ಪರೀಕ್ಷಿಸಿ ನೋಡಿದರು. ಏನೂ ಇರಲಿಲ್ಲ. ಉಸಿರು ಮತ್ತು ತುಟಿಯ ಕೆಲಸವಷ್ಟೇ.

1917ರಲ್ಲಿ ನ್ಯೂಯಾರ್ಕಿನ ಸೈನಿಕರ ಬೀಳ್ಕೊಡುಗೆಯ ಮೆರವಣಿಗೆಗೆ ಈ ರೆಜಿಮೆಂಟನ್ನು ಸೇರಿಸಿಕೊಂಡಿರಲಿಲ್ಲ. 191 ದಿನ ಯುದ್ಧರಂಗದಲ್ಲಿದ್ದು, ಫ್ರೆಂಚ್ ಸರಕಾರದ ಶೌರ್ಯಪದಕವನ್ನು ಇಡೀ ರೆಜಿಮೆಂಟಿಗೆ ಪಡೆದು ಬಂದ ಮೇಲೆ, 1919ರ ಫೆಬ್ರವರಿ 17ರಂದು ಅದೇ ನಗರದ ಐದನೆಯ ಅವೆನ್ಯೂವಿನಲ್ಲಿ ಅವರು ಹೆಗಲಿಗೆ ಹೆಗಲು ತಾಗಿಸಿ ನಡೆದರು. ಮುಂದೆ ಜೇಮ್ಸರ ಬ್ಯಾಂಡು. ಇಕ್ಕೆಲಗಳಲ್ಲಿ ಲಕ್ಷೋಪಲಕ್ಷ ಜನ. ಬಿಳಿಯರ ಬೀದಿಗಳುದ್ದಕ್ಕೂ ಬ್ಯಾಂಡು ಸೈನ್ಯದ ಗಂಭೀರ ನಡಿಗೆಗಳನ್ನೇ ನುಡಿಸಿತು. ಹಾರ್ಲೆಮ್ಮನ್ನು ಹೊಕ್ಕ ಮೇಲೆ ತಂದೆ ಮನೆಗೆ ಬಂದನೆಂಬ ಅರ್ಥದ ಜನಪ್ರಿಯ ಹಾಡೊಂದನ್ನು ಎತ್ತಿಕೊಂಡಿತು. ಹೆಂಗಸರು ಮಕ್ಕಳು ಸಾಲಿನೊಳಗೆ ನುಗ್ಗಿ ತಮ್ಮವರ ತೋಳು ಹಿಡಿದರು.

ಇನ್ನು ಮೂರು ತಿಂಗಳು ಮಾತ್ರ ಉಳಿದಿತ್ತು. ಪಾಥೆ ಕಂಪೆನಿಗಾಗಿ ಎರಡು ಡಜನ್ನಿನಷ್ಟು ಹಾಡುಗಳನ್ನು ಮುದ್ರಿಸಿ, ಬ್ಯಾಂಡಿನೊಂದಿಗೆ ದೇಶ ಸಂಚಾರ ಹೊರಟ ಜೇಮ್ಸರು ಮೇ 9ರಂದು ಬಾಸ್ಟನ್ ನಗರದ ಮೆಕಾನಿಕ್ಸ್ ಹಾಲ್‌ಗೆ ಬಂದರು. ಮೈಯಲ್ಲಿ ಸೌಖ್ಯವಿರಲಿಲ್ಲ, ನೆಗಡಿ ಬಲವಾಗಿತ್ತು. ಹರ್ಬರ್ಟ್ ರೈಟ್ ಎಂಬ ಯುವಕ ಡ್ರಮ್ ವಾದಕನು, ಕಾರ್ಯಕ್ರಮ ನಡೆಯುತ್ತಿರುವಾಗ ವೇದಿಕೆಗೆ ಬಂದು ಹೋಗಿ ಮಾಡುತ್ತಿದ್ದುದಕ್ಕೆ ಬೈಸಿಕೊಂಡಿದ್ದನು. ತನಗೆ ಅನ್ಯಾಯವಾಗುತ್ತಿದೆಯೆಂದು ಮೊದಲೇ ಕುದಿಯುತ್ತಿದ್ದವನು. ವಿರಾಮದ ವೇಳೆ ಜೇಮ್ಸರ ಕೋಣೆಯೊಳಗೆ ಬಂದು ಕೂಗಾಡಿ, ಇದ್ದಕ್ಕಿದ್ದಂತೆ ಪೆನ್ನುಚಾಕುವಿನಿಂದ ಕುತ್ತಿಗೆಗೆ ತಿವಿದನು. ಗಾಯ ಸಣ್ಣದಾಗಿ ಕಂಡಿತು. ಕಾರ್ಯಕ್ರಮ ನಿಲ್ಲಿಸಬೇಡಿರೆಂದು ಹೇಳಿ ಜೇಮ್ಸರು ಆಸ್ಪತ್ರೆಗೆ ಹೋದರು. ಸಹಾಯಕ ಫೆಲಿಕ್ಸ್ ವೀರ್ ಉಳಿದರ್ಧವನ್ನು ನಡೆಸಿಕೊಟ್ಟರು. ಕುತ್ತಿಗೆಯ ರಕ್ತನಾಳ ಕತ್ತರಿಸಿಹೋಗಿತ್ತು. ಆ ರಾತ್ರಿಯೇ ಪ್ರಾಣ ಹೋಯಿತು. ಗುಂಡುಗಳ ಮಳೆಯಿಂದಲೂ ವಿಷಗಾಳಿಯಿಂದಲೂ ಪಾರಾಗಿ ಬಂದವರು ತಮ್ಮದೇ ಮೇಳದ ಹುಡುಗನ ಕೈಯಲ್ಲಿ, ಎರಡಂಗುಲದ ಚಾಕುವಿನಿಂದ ಸತ್ತರು. ವಯಸ್ಸು 39.

ಮೇ 13ರಂದು ನ್ಯೂಯಾರ್ಕ್ ನಗರವು ಅವರಿಗೆ ಸಾರ್ವಜನಿಕ ಶವಯಾತ್ರೆಯ ಗೌರವವನ್ನು ಸಲ್ಲಿಸಿತು. ಆ ನಗರದಲ್ಲಿ ಕಪ್ಪು ಮನುಷ್ಯನೊಬ್ಬನಿಗೆ ಸಂದ ಪ್ರಥಮ ಗೌರವ ಅದೆಂದು ಹೇಳುತ್ತಾರೆ. ಬ್ಯಾಂಡಿನವರು ಶವದೊಡನೆ ನಡೆದರು, ವಾದ್ಯಗಳು ಮೌನವಾಗಿದ್ದವು. ವಾಷಿಂಗ್ಟನ್ನಿನ ಬಳಿಯ ಆರ್ಲಿಂಗ್ಟನ್ ಸೈನಿಕ ಶ್ಮಶಾನದಲ್ಲಿ ಸಮಾಧಿಯಾಯಿತು.

ಒಂದು ವರ್ಷ ಕಳೆಯುವಷ್ಟರಲ್ಲಿ ಪಾಲ್ ವೈಟ್‌ಮನ್ ಎಂಬ ಬಿಳಿಯ ನಾಯಕರ ಹೊಟೇಲ್ ಆರ್ಕೆಸ್ಟ್ರಾ ಪ್ರಸಿದ್ಧಿಗೆ ಬಂತು. ಮುಂದೆ ಜಾಝಿನ ರಾಜನೆಂಬ ಬಿರುದೂ ಅವರಿಗೇ ಸಂದಿತು. ವೈಟ್‌ಮನ್ನರು ಯೋಗ್ಯರೇ. ಆದರೂ ಆ ಬಿರುದಿಗೆ ಕುರ್ಚಿ ಹಾಕಿಟ್ಟವರು ಯಾರೆಂಬುದನ್ನು ಜನರು ಬೇಗನೆ ಮರೆತರು. ಸಿಸ್ಸಲ್ ಮತ್ತು ಬ್ಲೇಕ್ ಜತೆಗೂಡಿ 1921ರಲ್ಲಿ ಷಫಲ್ ಅಲಾಂಗ್ ಎಂಬ ಸಂಗೀತ ನಾಟಕವನ್ನು ಬ್ರಾಡ್‌ವೇಗೆ ತಂದು ಹೆಸರಾದರು. ಹರ್ಬರ್ಟ್ ರೈಟ್ ಶಿಕ್ಷೆ ಅನುಭವಿಸಿ 1927ರಲ್ಲಿ ಹೊರಬಂದನು. ಬಾಸ್ಟನ್ನಿನಲ್ಲಿಯೇ ನೆಲೆಸಿ ನೆರೆಯ ಹುಡುಗನೊಬ್ಬನಿಗೆ ಡ್ರಮ್ ಪಾಠ ಹೇಳಿದನು. ಆ ಹುಡುಗನು ಮುಂದೆ ರಾಯ್ ಹೇನ್ಸ್ ಎಂಬ ಜಗತ್ಪ್ರಸಿದ್ಧ ಜಾಝ್ ಡ್ರಮ್ ವಾದಕನಾದನು.

ಮುಂಬಯಿಯ ವಾಚಕರಿಗಾಗಿ ಇನ್ನೊಬ್ಬರ ಸಂಗತಿ. 1913ರ ಆ ವಿಕ್ಟರ್ ಪ್ಲೇಟುಗಳಲ್ಲಿ ಕಾರ್ನೆಟ್ ಊದಿದವರು ಕ್ರಿಕೆಟ್ ಸ್ಮಿತ್ ಎಂಬವರು. ಯುದ್ಧಾನಂತರ ಅವರು ಪ್ಯಾರಿಸಿಗೆ ಹೋಗಿ ಅನೇಕ ವರ್ಷ ಅಲ್ಲಿದ್ದು, ಬಳಿಕ ಮುಂಬಯಿಗೆ ಬಂದು ಅಪೋಲೊ ಬಂದರದ ತಾಜ್‌ಮಹಲ್ ಹೊಟೇಲಿನಲ್ಲಿ ತಮ್ಮದೇ ಮೇಳದ ನಾಯಕರಾದರು. 1936ರಲ್ಲಿ ಆ ಮೇಳವು ಮುಂಬಯಿಯಲ್ಲೇ ಒಂದು ಪ್ಲೇಟು ಮುದ್ರಿಸಿತು. ಹಾಡು ಮೀನಾ ಸೈಲಸ್ ಎಂಬವರ ರಚನೆ. ಅದರ ಹೆಸರು ತಾಜ್‌ಮಹಲ್ ಫಾಕ್ಸ್‌ಟ್ರಾಟ್.